ಮೀನು ಸತ್ತರೆ ಮನೆಯ ಕಂಟಕ ಕಳೆಯುತ್ತದೆಯೇ? ಮರಿಮೀನುಗಳನ್ನು ದೊಡ್ಡ ಅಕ್ವೇರಿಯಂಗೆ ಬಿಡುವ ಮೊದಲು ತಿಳಿದಿರಬೇಕಾದ್ದು

‘ಮೀನಿನ ಕವರನ್ನು ಹದಿನೈದು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಸಿ, ಆಮೇಲೆ ಬಿಟ್ಟರೆ ಸಾಕು.’ ಮನೆಯಲ್ಲಿ ಅಕ್ವೇರಿಯಂ ಇಟ್ಟವರ ಮೊಬೈಲಿಗೆ ಈ ಸಲಹೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಇರುತ್ತದೆ. ಅದರ ಜೊತೆಗೆ ಓಡಾಡುವ ಇನ್ನೊಂದು ಮಾತೂ ಇದೆ: ‘ಅಕ್ವೇರಿಯಂ ಮೀನು ಸತ್ತರೆ ಬೇಜಾರು ಮಾಡಿಕೊಳ್ಳಬೇಡಿ, ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಗಿದೆ.’

ಮೊದಲನೆಯದು ಅರ್ಧ ಸತ್ಯ. ಎರಡನೆಯದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಎರಡೂ ಸೇರಿದಾಗ ಒಂದು ತೊಂದರೆ ಆಗುತ್ತದೆ. ಹದಿನೈದು ನಿಮಿಷ ತೇಲಿಸಿದ್ದೇವೆ, ನಮ್ಮ ಕೆಲಸ ಮುಗಿಯಿತು. ಸತ್ತರೆ ಕಂಟಕ ಕಳೆಯಿತು. ಹೀಗಾಗಿ ಮೀನು ಏಕೆ ಸತ್ತಿತು ಎಂದು ಯಾರೂ ಕೇಳುವುದೇ ಇಲ್ಲ. ಮುಂದಿನ ತಿಂಗಳು ಮತ್ತೆ ಹೊಸ ಮೀನು, ಮತ್ತೆ ಅದೇ ಸಾವು.

ನನ್ನ ಚಿಕ್ಕಪ್ಪನ ತೋಟದ ಮನೆ ಇರುವುದು ತುರುವೇಕೆರೆ ಕಡೆ. ಏಳನೇ ಕ್ಲಾಸಿನ ಅವರ ಮಗ ತೆಂಗಿನ ಮರದ ನೆರಳಿನಲ್ಲಿಟ್ಟ ಪ್ಲಾಸ್ಟಿಕ್ ಟಬ್ಬಿನಲ್ಲಿ, ಬೋರ್ ನೀರಿನಲ್ಲೇ, ಗಪ್ಪಿ ಮೀನಿನ ಮೂವತ್ತು ಮರಿಗಳನ್ನು ಬೆಳೆಸಿದ್ದ. ಅವನ ಖುಷಿ ನೋಡಿ ಚಿಕ್ಕಪ್ಪ ಒಂದು ಭಾನುವಾರ ಗಾಜಿನ ಅಕ್ವೇರಿಯಂ ತಂದರು. ಜೊತೆಗೆ ಎರಡು ಏಂಜೆಲ್, ನಾಲ್ಕು ಗೋಲ್ಡ್‌ಫಿಶ್. ‘ಬೋರ್ ನೀರು ಗಡಸು, ಕ್ಯಾನ್ ನೀರೇ ಒಳ್ಳೇದು’ ಎಂದು ಪೂರ್ತಿ ಆರ್‌ಒ ನೀರು ತುಂಬಿಸಿದರು. ಹೊಸ ಮೀನುಗಳ ಜೊತೆಗೆ ಗಪ್ಪಿ ಮರಿಗಳನ್ನೂ ಕವರಿನಲ್ಲಿ ಹಾಕಿ, ಸರಿಯಾಗಿ ಹದಿನೈದು ನಿಮಿಷ ತೇಲಿಸಿ ಬಿಟ್ಟರು. ಬುಧವಾರದ ಹೊತ್ತಿಗೆ ಇಪ್ಪತ್ತೆರಡು ಮರಿಗಳು ಇರಲಿಲ್ಲ. ಕೆಲವು ಸತ್ತು ತೇಲುತ್ತಿದ್ದವು, ಕೆಲವು ಕಾಣಲೇ ಇಲ್ಲ.

‘ಹೋಗ್ಲಿ ಬಿಡು ಮಗ, ಮನೆಗ್ ಬರೋ ಕಂಟ್ಕ ಮೀನಿನ್ ಮೇಲ್ ಹೋಯ್ತು’ ಎಂದು ಅಜ್ಜಿ ಸಮಾಧಾನ ಮಾಡಿದರು. ಅವನು ಕಣ್ಣೊರೆಸಿಕೊಂಡು ಕೇಳಿದ: ‘ಹಂಗಾರೆ ನಮ್ಮನೇಲಿ ಇಪ್ಪತ್ತೆರಡು ಕಂಟ್ಕ ಇದ್ವಾ ಅಜ್ಜಿ?’

ಅವನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದೇ ಈ ಬರಹದ ಕೆಲಸ.

ಚುಟುಕಾಗಿ ಹೇಳುವುದಾದರೆ

ಮರಿಮೀನು ಉಳಿಯುವುದೋ ಸಾಯುವುದೋ ಎಂಬುದು ಬಿಡುವ ದಿನದ ಹದಿನೈದು ನಿಮಿಷದಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೆ ಹಿಂದಿನ ಹದಿನೈದು ದಿನ ಮತ್ತು ಮುಂದಿನ ಹದಿನೈದು ದಿನ ತೊಟ್ಟಿಯಲ್ಲಿ ಏನಿದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ನೋಡಬೇಕಾದ್ದು ನಾಲ್ಕು ಸಂಗತಿ: ತೊಟ್ಟಿ ಹಳೆಯದಾಗಿ ಪಳಗಿದೆಯೇ, ಎರಡೂ ಕಡೆಯ ನೀರು ಒಂದೇ ಥರ ಇದೆಯೇ, ಅಲ್ಲಿರುವ ದೊಡ್ಡ ಮೀನಿನ ಬಾಯಿಗಿಂತ ಮರಿ ದೊಡ್ಡದಾಗಿದೆಯೇ, ಯಾವುದಾದರೂ ಕಾಯಿಲೆ ಜೊತೆಗೆ ಬರುತ್ತಿದೆಯೇ. ಇನ್ನು ಒಂದೊಂದಾಗಿ ನೋಡೋಣ.

ಹದಿನೈದು ನಿಮಿಷ ತೇಲಿಸಿದರೆ ಏನಾಗುತ್ತದೆ?

ಕವರಿನೊಳಗಿನ ನೀರಿನ ಬಿಸಿ ಮತ್ತು ತೊಟ್ಟಿಯ ನೀರಿನ ಬಿಸಿ ಸಮವಾಗುತ್ತದೆ. ಅಷ್ಟೇ. ಇದು ಬೇಕಾದ ಕೆಲಸವೇ. ಮೀನಿಗೆ ನಮ್ಮ ಹಾಗೆ ಮೈ ಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳುವ ವ್ಯವಸ್ಥೆ ಇಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. ಮಾಗಿಯ ಬೆಳಗ್ಗೆ ಹೊರಗಿನ ಟಬ್ಬಿನಿಂದ ತೆಗೆದು ಮನೆಯೊಳಗಿನ ತೊಟ್ಟಿಗೆ ಹಾಕಿದರೆ ಕೆಲವು ಡಿಗ್ರಿಗಳ ವ್ಯತ್ಯಾಸ ಇದ್ದೇ ಇರುತ್ತದೆ.

ಆದರೆ ಕವರ್ ಮುಚ್ಚಿರುವ ತನಕ ಒಳಗಿನ ನೀರೂ ಹೊರಗಿನ ನೀರೂ ಬೆರೆಯುವುದಿಲ್ಲ. ಪಿಎಚ್, ಅಂದರೆ ನೀರು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂಬ ಅಳತೆ, ಹಾಗೇ ಇರುತ್ತದೆ. ನೀರಿನ ಗಡಸುತನ ಹಾಗೇ ಇರುತ್ತದೆ. ತೊಟ್ಟಿಯಲ್ಲಿ ವಿಷ ಇದ್ದರೆ ಅದೂ ಹಾಗೇ ಇರುತ್ತದೆ.

ದೂರದಿಂದ ತಂದ ಮೀನಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆಂಗಳೂರಿನಲ್ಲಿ ಕೊಂಡು ಬಸ್ಸಿನಲ್ಲೋ ರೈಲಿನಲ್ಲೋ ತಿಪಟೂರಿಗೆ ತರುವಷ್ಟರಲ್ಲಿ ಮೀನು ಹಲವು ಗಂಟೆ ಕವರಿನಲ್ಲೇ ಉಸಿರಾಡಿ, ಅಲ್ಲೇ ಮಲ ಮೂತ್ರ ಬಿಟ್ಟಿರುತ್ತದೆ. ಉಸಿರಾಟದ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿದಿರುತ್ತದೆ. ಅಮೋನಿಯಾ ಸೇರಿಕೊಂಡಿರುತ್ತದೆ, ಆದರೆ ಪಿಎಚ್ ಕಡಿಮೆ ಇರುವುದರಿಂದ ಅದರ ಬಹುಪಾಲು ಅಷ್ಟು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಪಿಎಚ್ ಏರುತ್ತದೆ, ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಬದಲಾಗತೊಡಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಸುಮಾರು ಶೇ 5. ಅಂದರೆ ಹತ್ತಿರ ಹತ್ತಿರ ಹತ್ತು ಪಟ್ಟು.

ಹಾಗಾಗಿ ದೂರದಿಂದ ತಂದ ಮೀನನ್ನು, ಕವರ್ ಬಿಚ್ಚಿಟ್ಟು ಗಂಟೆಗಟ್ಟಲೆ ಅದೇ ಕೊಳಕು ನೀರಿನಲ್ಲಿ ಕೂರಿಸಬೇಡಿ. ಬಿಸಿ ಸಮವಾದ ಮೇಲೆ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಕವರಿನ ನೀರನ್ನು ಚೆಲ್ಲಿ, ತೊಟ್ಟಿಗೆ ಸುರಿಯಬೇಡಿ. ಮನೆಯಲ್ಲೇ ಬೆಳೆದ ಮರಿಗಳಿಗೆ ಈ ಅವಸರವಿಲ್ಲ. ಅವುಗಳಿಗೆ ಇನ್ನೂ ಒಳ್ಳೆಯ ದಾರಿ ಇದೆ, ಮುಂದೆ ಹೇಳುತ್ತೇನೆ.

ಹೊಸ ತೊಟ್ಟಿ, ತಿಳಿ ನೀರು: ಕಾಣದ ಅಪಾಯ

ಗಾಜು ಫಳಫಳ, ನೀರು ತಿಳಿ, ಕಲ್ಲು ತೊಳೆದದ್ದು. ನೋಡಲು ಇಷ್ಟು ಶುದ್ಧವಾಗಿರುವ ತೊಟ್ಟಿಯೇ ಮೀನಿಗೆ ಅತಿ ಅಪಾಯದ್ದು ಎಂದರೆ ನಂಬುವುದು ಕಷ್ಟ. ಕಾರಣ ಹೀಗಿದೆ.

ಮೀನು ತನ್ನ ಕಿವಿರುಗಳ ಮೂಲಕವೇ ಅಮೋನಿಯಾವನ್ನು ಹೊರಹಾಕುತ್ತದೆ. ಉಳಿದ ಆಹಾರ, ಮಲ ಕೊಳೆತಾಗಲೂ ಅಮೋನಿಯಾ ಬರುತ್ತದೆ. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ಈ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುವುದು ಮುಖ್ಯವಾಗಿ ಫಿಲ್ಟರಿನ ಸ್ಪಂಜು ಮತ್ತು ಕಲ್ಲುಗಳ ಮೇಲೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಮೊಸರಾಗಲು ಹೊತ್ತು ಬೇಕಲ್ಲ, ಹಾಗೆ.

ಭಾನುವಾರ ನೀರು ತುಂಬಿ ಭಾನುವಾರವೇ ಮೀನು ಬಿಟ್ಟರೆ, ಬುಧವಾರದ ಹೊತ್ತಿಗೆ ಅಮೋನಿಯಾ ಏರಿರುತ್ತದೆ, ಅದನ್ನು ತಿನ್ನುವವರು ಯಾರೂ ಇರುವುದಿಲ್ಲ. ನೀರು ಆಗಲೂ ತಿಳಿಯಾಗಿಯೇ ಕಾಣುತ್ತದೆ, ಏಕೆಂದರೆ ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು, ಕಿವಿರು ಕೆಂಪಾಗುವುದು, ಮೂಲೆಯಲ್ಲಿ ಸುಮ್ಮನೆ ನಿಲ್ಲುವುದು ಇದರ ಗುರುತುಗಳು. ಮೀನಿನ ಅಂಗಡಿಗಳಲ್ಲಿ ಸಿಗುವ ಅಮೋನಿಯಾ ಪರೀಕ್ಷೆಯ ಕಿಟ್ ಇದ್ದರೆ ಊಹೆ ಮಾಡಬೇಕಾದ ಅಗತ್ಯವಿಲ್ಲ.

ಹೆಪ್ಪಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಪಕ್ಕದ ಮನೆಯಿಂದ ಹೆಪ್ಪು ತರುವಂತೆ, ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಸ್ಪಂಜಿನ ಒಂದು ತುಂಡನ್ನು ಹೊಸ ಫಿಲ್ಟರಿಗೆ ಸೇರಿಸಿದರೆ ಕೆಲಸ ಬೇಗ ಆಗುತ್ತದೆ. ಮರಿಗಳ ಟಬ್ಬಿನಲ್ಲಿ ಸ್ಪಂಜ್ ಫಿಲ್ಟರ್ ಇದ್ದರೆ ಮರಿಗಳ ಜೊತೆ ಅದನ್ನೂ ಸಾಗಿಸಿ. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ಬೋರ್ ನೀರು, ಕ್ಯಾನ್ ನೀರು, ನಲ್ಲಿ ನೀರು: ಯಾವುದು ಒಳ್ಳೆಯದು?

ನಮ್ಮ ಸೀಮೆಯಲ್ಲಿ ಮೂರೂ ಸಿಗುತ್ತವೆ, ಮೂರರ ಬಗ್ಗೆಯೂ ತಪ್ಪು ನಂಬಿಕೆಗಳಿವೆ.

ಆರ್‌ಒ ನೀರು ಕುಡಿಯಲು ಶುದ್ಧ, ಹಾಗಾಗಿ ಮೀನಿಗೂ ಶುದ್ಧ ಎಂಬುದು ಮೊದಲನೆಯದು. ಆರ್‌ಒ ಯಂತ್ರ ನೀರಿನಲ್ಲಿರುವ ಲವಣಗಳ ಬಹುಪಾಲನ್ನು ತೆಗೆದುಬಿಡುತ್ತದೆ. ಗಪ್ಪಿ, ಮೋಲಿ, ಪ್ಲಾಟಿಯಂಥ ಮರಿ ಹಾಕುವ ಮೀನುಗಳಿಗೆ ಲವಣವಿರುವ ಗಡಸು ನೀರೇ ಒಗ್ಗುತ್ತದೆ. ಅಲ್ಲದೆ ಲವಣ ಇಲ್ಲದ ನೀರಿಗೆ ಪಿಎಚ್ ಅನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಸ್ವಲ್ಪ ದಿನಕ್ಕೇ ಅದು ಥಟ್ಟನೆ ಇಳಿಯಬಹುದು. ಗಡಸು ನೀರಿನಲ್ಲಿ ಹುಟ್ಟಿ ಬೆಳೆದ ಮರಿಯನ್ನು ಒಮ್ಮೆಲೇ ಲವಣ ಇಲ್ಲದ ನೀರಿಗೆ ಹಾಕಿದರೆ ಅದರ ಮೈಯೊಳಕ್ಕೆ ನೀರು ಹೆಚ್ಚು ನುಗ್ಗುತ್ತದೆ, ಲವಣ ಹೊರಹೋಗುತ್ತದೆ. ದೊಡ್ಡ ಮೀನು ತಡೆದುಕೊಂಡರೂ ಪುಟ್ಟ ಮರಿಗೆ ಅದು ದೊಡ್ಡ ಹೊಡೆತ.

ಎರಡನೆಯದು, ಬೋರ್ ನೀರಿನಲ್ಲಿ ಕ್ಲೋರಿನ್ ಇಲ್ಲ, ನೇರವಾಗಿ ಸುರಿಯಬಹುದು ಎಂಬುದು. ಕ್ಲೋರಿನ್ ಇರುವುದಿಲ್ಲ ನಿಜ. ಆದರೆ ನೆಲದಾಳದಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುವುದುಂಟು. ಗಾಳಿಗೆ ತೆರೆದಿಟ್ಟರೆ ಅದರ ಪಿಎಚ್ ಬದಲಾಗುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಸಾಧ್ಯವಾದರೆ ಏರ್ ಪಂಪಿನಿಂದ ಗಾಳಿ ಹಾಯಿಸಿ ಬಳಸಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಬೋರ್ ನೀರು ಗಪ್ಪಿ, ಮೋಲಿಗಳಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಮೆದು ನೀರು ಕೇಳುವ ನಿಯಾನ್ ಟೆಟ್ರಾದಂಥ ಮೀನುಗಳಿಗೆ ಅದು ಹಿಡಿಸದು. ಹಾಗಿರುವಾಗ ಈ ಎರಡೂ ಬಗೆಯನ್ನು ಒಂದೇ ತೊಟ್ಟಿಯಲ್ಲಿ ಇಡಬೇಕೇ ಎಂದು ಕೊಳ್ಳುವ ಮೊದಲೇ ಯೋಚಿಸುವುದು ಒಳ್ಳೆಯದು.

ಮೂರನೆಯದು ನಲ್ಲಿ ನೀರು. ಪುರಸಭೆ, ಪಂಚಾಯಿತಿಯ ನೀರಿಗೆ ಕ್ಲೋರಿನ್ ಅಥವಾ ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಅದು ನಮ್ಮನ್ನು ಕಾಪಾಡಲು. ಮೀನಿನ ಕಿವಿರನ್ನು ಮಾತ್ರ ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ಬಿಟ್ಟರೆ ಕ್ಲೋರಿನ್ ಹೆಚ್ಚಿನಂಶ ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಬಳಸಿ. ಊರಿನ ಓವರ್‌ಹೆಡ್ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪುಡಿ ಹಾಕಿದ ದಿನ ತೊಟ್ಟಿಯ ನೀರು ಬದಲಿಸುವ ಕೆಲಸವನ್ನು ಮುಂದೂಡಿ.

ಒಟ್ಟಿನಲ್ಲಿ, ಯಾವ ನೀರು ಹೆಚ್ಚು ಶುದ್ಧ ಎಂದು ಕೇಳುವುದಕ್ಕಿಂತ, ಮರಿ ಇರುವ ನೀರೂ ಹೋಗುವ ನೀರೂ ಒಂದೇ ಥರ ಇದೆಯೇ ಎಂದು ಕೇಳಿಕೊಳ್ಳಿ.

ಬಾಯಿಗೆ ಹಿಡಿಸಿದ್ದೆಲ್ಲ ಊಟ

ಚಿಕ್ಕಪ್ಪನ ಮನೆಯಲ್ಲಿ ಕಾಣದೇ ಹೋದ ಮರಿಗಳು ಎಲ್ಲಿ ಹೋದವು? ಏಂಜೆಲ್ ಮೀನಿನ ಹೊಟ್ಟೆಗೆ ಎಂಬುದೇ ಹೆಚ್ಚು ಸಂಭವ. ಏಂಜೆಲ್ ನೋಡಲು ಎಷ್ಟು ಸಾಧುವೋ ಅಷ್ಟೇ ಚುರುಕು ಬೇಟೆಗಾರ. ಗೋಲ್ಡ್‌ಫಿಶ್ ಕೂಡ ಬಾಯಿಗೆ ಹಿಡಿಸುವ ಮರಿಯನ್ನು ಬಿಡುವುದಿಲ್ಲ. ಗಪ್ಪಿಯ ತಾಯಿಯೇ ತಾನು ಹಾಕಿದ ಮರಿಗಳನ್ನು ತಿನ್ನುತ್ತದೆ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಓಡಾಡುವ ಪುಟ್ಟದ್ದೆಲ್ಲ ಮೀನಿನ ಕಣ್ಣಿಗೆ ಆಹಾರ.

ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹುಟ್ಟಿದ ಮರಿ ಒಂದು ಸೆಂಟಿಮೀಟರೂ ಇರುವುದಿಲ್ಲ. ಒಳ್ಳೆಯ ಆಹಾರ, ಬೆಚ್ಚನೆ ನೀರು ಸಿಕ್ಕರೆ ಆರರಿಂದ ಎಂಟು ವಾರದಲ್ಲಿ ಒಂದೂವರೆ ಎರಡು ಸೆಂಟಿಮೀಟರ್ ಆಗುತ್ತದೆ. ಶಾಂತ ಸ್ವಭಾವದ ಸಣ್ಣ ಮೀನುಗಳಿರುವ ತೊಟ್ಟಿಗೆ ಬಿಡಲು ಆಗ ಸರಿಯಾದ ಹೊತ್ತು. ಆದರೆ ವಾರ ಎಣಿಸುವುದಕ್ಕಿಂತ ಕಣ್ಣಳತೆ ಮೇಲು: ತೊಟ್ಟಿಯ ಅತಿ ದೊಡ್ಡ ಮೀನು ಬಾಯಿ ತೆರೆದಾಗ ಮರಿಯ ತಲೆ ಮೈ ಅದರೊಳಗೆ ಹಿಡಿಸುವಂತಿದ್ದರೆ ಇನ್ನೂ ಬಿಡಬೇಡಿ.

ಎಲ್ಲ ಮರಿಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ದೊಡ್ಡವನ್ನು ಮೊದಲು ಸಾಗಿಸಿ, ಸಣ್ಣವು ಇನ್ನೆರಡು ವಾರ ಟಬ್ಬಿನಲ್ಲೇ ಇರಲಿ. ಆದರೆ ಒಂದೊಂದಾಗಿ ಬಿಡಬೇಡಿ. ಐದಾರು ಒಟ್ಟಿಗೆ ಹೋದರೆ ಒಂದರ ಮೇಲೇ ಎಲ್ಲರ ಕಣ್ಣು ಬೀಳುವುದಿಲ್ಲ.

ಇಲ್ಲೇ ಇನ್ನೊಂದು ಪ್ರಚಲಿತ ನಂಬಿಕೆಯನ್ನೂ ನೋಡಿಬಿಡೋಣ: ‘ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ.’ ಇದು ಸುಳ್ಳು. ಸಣ್ಣ ತೊಟ್ಟಿಯಲ್ಲಿ ಮೀನು ಕುಳ್ಳಗೆ ಉಳಿದರೆ ಅದು ಹೊಂದಿಕೊಂಡಿದೆ ಎಂದಲ್ಲ, ಕೊಳಕು ನೀರು ಮತ್ತು ಇಕ್ಕಟ್ಟಿನಿಂದ ಅದರ ಬೆಳವಣಿಗೆ ಕುಂಠಿತವಾಗಿದೆ ಎಂದರ್ಥ.

ಸೊಳ್ಳೆ ತಿನ್ನುವ ಮೀನು ತೊಟ್ಟಿಗೆ ಬಂದರೆ?

ಡೆಂಗಿ, ಚಿಕುನ್‌ಗುನ್ಯಾ ಕಾಲದಲ್ಲಿ ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ಬಾವಿ, ಹೊಂಡ, ತೊಟ್ಟಿಗಳಿಗೆ ಎರಡು ಬಗೆಯ ಮೀನು ಬಿಡುತ್ತದೆ: ಗಪ್ಪಿ ಮತ್ತು ಗ್ಯಾಂಬೂಸಿಯಾ. ಎರಡೂ ನಮ್ಮ ದೇಶದವಲ್ಲ. ಗ್ಯಾಂಬೂಸಿಯಾ ಉತ್ತರ ಅಮೆರಿಕದ್ದು, ಗಪ್ಪಿ ದಕ್ಷಿಣ ಅಮೆರಿಕದ ಕಡೆಯದು. ಹೆಣ್ಣು ಮೀನುಗಳು ನೋಡಲು ಹೆಚ್ಚು ಕಡಿಮೆ ಒಂದೇ ಥರ, ಬೂದು ಬಣ್ಣ. ಗಪ್ಪಿಯಲ್ಲಿ ಗಂಡಿಗೆ ಬಣ್ಣದ ಬಾಲವಿರುತ್ತದೆ. ಗ್ಯಾಂಬೂಸಿಯಾದಲ್ಲಿ ಗಂಡಿಗೂ ಅಂಥ ಬಣ್ಣವಿಲ್ಲ. ‘ಗಪ್ಪಿ’ ಎಂದುಕೊಂಡು ಬಾವಿಯಿಂದ ಹಿಡಿದು ಅಕ್ವೇರಿಯಂಗೆ ಬಿಟ್ಟ ಮೀನು ಗ್ಯಾಂಬೂಸಿಯಾ ಆಗಿದ್ದರೆ, ಅದು ಬೇರೆ ಮೀನುಗಳ ರೆಕ್ಕೆ ಬಾಲ ಕಚ್ಚುತ್ತದೆ, ಮರಿಗಳನ್ನು ತಿನ್ನುತ್ತದೆ. ಎಲ್ಲ ಬಗೆಯ ಮೀನು ಒಟ್ಟಿಗಿರುವ ತೊಟ್ಟಿಗೆ ಅದು ತಕ್ಕದ್ದಲ್ಲ.

ಈ ಎರಡು ಮೀನುಗಳ ಬಗ್ಗೆ ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಅಧ್ಯಯನವಿದೆ. 2006ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಸಂಶೋಧಕರು ತುಮಕೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಿಗೆ ಗಪ್ಪಿಯನ್ನೂ, ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗ್ಯಾಂಬೂಸಿಯಾವನ್ನೂ ಬಿಟ್ಟು ನೋಡಿದರು. 2011ರಲ್ಲಿ ‘ಬಿಎಂಸಿ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ ಸುಮಾರು ಶೇ 86ರಷ್ಟು ಉಳಿದುಕೊಂಡಿತು, ಗ್ಯಾಂಬೂಸಿಯಾ ಸುಮಾರು ಶೇ 16ರಷ್ಟು ಮಾತ್ರ. ಊರು, ತಿಂಗಳು ಬೇರೆ ಬೇರೆ ಇದ್ದವು, ಹಾಗಾಗಿ ವ್ಯತ್ಯಾಸವೆಲ್ಲ ಮೀನಿನ ಜಾತಿಯದ್ದೇ ಎನ್ನುವಂತಿಲ್ಲ. ಆದರೂ ಗಾತ್ರ, ರೂಪ ಒಂದೇ ಥರ ಇದ್ದ ಮಾತ್ರಕ್ಕೆ ಎರಡು ಮೀನು ಒಂದೇ ಥರ ಬದುಕುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಮೀನು ಬಿಟ್ಟರಷ್ಟೇ ಸಾಲದು, ಜನರಿಗೆ ತಿಳಿವಳಿಕೆ ಕೊಟ್ಟರಷ್ಟೇ ಸಾಲದು. ಎರಡೂ ಸೇರಿದಾಗ ಫಲ ಸಿಕ್ಕಿತು. ಮೀನು ಏಕೆ ಅಲ್ಲಿದೆ, ಅದಕ್ಕೆ ಏನು ಬೇಕು ಎಂದು ಮನೆಯವರಿಗೆ ಗೊತ್ತಿದ್ದರೆ ಫಲ ಬೇರೆಯೇ.

ಕಾಯಿಲೆ ಜೊತೆಗೆ ಬರುತ್ತದೆ

ಅಂಗಡಿಯಿಂದ ತಂದ ಮೀನು ಚೆನ್ನಾಗಿ ಈಜುತ್ತಿದೆ ಎಂದ ಮಾತ್ರಕ್ಕೆ ಅದಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಮೈಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆ ಬರುವ ರೋಗ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪರಾವಲಂಬಿ ಜೀವಿ ಮೀನಿನ ಮೈಯಲ್ಲಿ ಬೆಳೆದು, ಉದುರಿ, ತೊಟ್ಟಿಯ ತಳದಲ್ಲಿ ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನನ್ನು ಹುಡುಕುತ್ತದೆ. ಮೊದಲ ಮೀನಿನಲ್ಲಿ ನಾಲ್ಕೇ ಚುಕ್ಕೆ ಇದ್ದದ್ದು ಕೆಲವೇ ದಿನಗಳಲ್ಲಿ ಇಡೀ ತೊಟ್ಟಿಗೆ ಹಬ್ಬುತ್ತದೆ. ಮರಿಗಳು ಮೊದಲು ಬಲಿಯಾಗುತ್ತವೆ.

ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ. ಆ ಟಬ್ಬಿಗೆ ಬೇರೆ ಬಲೆ, ಬೇರೆ ಪೈಪು ಇರಲಿ. ‘ಒಂದು ಹಿಡಿ ಉಪ್ಪು ಹಾಕಿ, ಎಲ್ಲ ವಾಸಿ’ ಎಂಬ ಸಂದೇಶವನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಅಳತೆಯಲ್ಲಿ ಬಳಸಿದರೆ ಉಪ್ಪಿಗೆ ಉಪಯೋಗವಿದೆ, ನೈಟ್ರೈಟಿನ ವಿಷವನ್ನು ಅದು ತಗ್ಗಿಸುತ್ತದೆ ಕೂಡ. ಆದರೆ ಮೋಲಿ ತಡೆಯುವಷ್ಟು ಉಪ್ಪನ್ನು ತಳದಲ್ಲಿ ಓಡಾಡುವ ಕೋರಿಡೋರಾಸ್‌ನಂಥ ಮೀನು ತಡೆಯದು, ನೀರಿನ ಗಿಡಗಳೂ ತಡೆಯವು.

ತೆಂಗಿನ ಸೀಮೆಯ ಮನೆಯಲ್ಲಿ ಇನ್ನೂ ಮೂರು ಎಚ್ಚರಿಕೆ

ಸೊಳ್ಳೆ ಸ್ಪ್ರೇ ಮತ್ತು ತೋಟದ ಔಷಧಿ: ಸೊಳ್ಳೆ ಸ್ಪ್ರೇ, ಪ್ಲಗ್ಗಿಗೆ ಹಾಕುವ ದ್ರವಗಳಲ್ಲಿ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವಿರುತ್ತದೆ. ಅದು ಮೀನಿಗೆ ಕಡು ವಿಷ. ಅಕ್ವೇರಿಯಂನ ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ ಎಂಬುದು ನೆನಪಿರಲಿ. ತೊಟ್ಟಿ ಇರುವ ಕೋಣೆಯಲ್ಲಿ ಸ್ಪ್ರೇ ಹೊಡೆಯಬೇಡಿ. ತೋಟಕ್ಕೆ ಔಷಧಿ ಹೊಡೆದ ಕೈಯನ್ನಾಗಲಿ, ಎಣ್ಣೆ ಕೈಯನ್ನಾಗಲಿ ತೊಟ್ಟಿಗೆ ಅದ್ದಬೇಡಿ.

ಕರೆಂಟು: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನವೆಲ್ಲ ಕರೆಂಟು ಇಲ್ಲದ ದಿನ ಕಿಕ್ಕಿರಿದ ತೊಟ್ಟಿಗೆ ಹೊಸ ಮೀನು ಸೇರಿಸಬೇಡಿ. ಬ್ಯಾಟರಿಯ ಸಣ್ಣ ಏರ್ ಪಂಪು ಇಲ್ಲದಿದ್ದರೆ, ಒಂದು ಲೋಟದಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿದರೂ ಸ್ವಲ್ಪ ಆಮ್ಲಜನಕ ಸೇರುತ್ತದೆ.

ತೆಂಗಿನ ಚಿಪ್ಪು: ಮರಿಗಳಿಗೆ ಅಡಗಲು ಚಿಪ್ಪಿನಷ್ಟು ಒಳ್ಳೆಯ, ಖರ್ಚಿಲ್ಲದ ಗೂಡು ಬೇರೆ ಇಲ್ಲ. ಅರ್ಧ ಚಿಪ್ಪಿಗೆ ಮರಿ ಮಾತ್ರ ನುಸುಳುವಂಥ ಸಣ್ಣ ಬಾಗಿಲು ಕೊರೆದು ಮಗುಚಿಡಿ. ಆದರೆ ಚಿಪ್ಪಿಗಂಟಿದ ಕೊಬ್ಬರಿಯನ್ನು ಪೂರ್ತಿ ಹೆರೆದು ತೆಗೆಯಿರಿ. ಅದು ನೀರಿನಲ್ಲಿ ಕೊಳೆತು ಅಮೋನಿಯಾ ಹೆಚ್ಚಿಸುತ್ತದೆ, ಎಣ್ಣೆಯ ಪದರ ಬಿಡುತ್ತದೆ. ಹೊರಗಿನ ನಾರನ್ನೂ ಕೆರೆದು, ಚಿಪ್ಪನ್ನು ಕುದಿಸಿ, ನೀರು ಬದಲಿಸುತ್ತಾ ಕೆಲವು ದಿನ ನೆನೆಸಿ. ಮೊದಲು ಬಿಡುವ ಕಂದು ಬಣ್ಣ ನಿಂತ ಮೇಲೆ ತೊಟ್ಟಿಗೆ ಹಾಕಿ.

ಹದಿನೈದು ದಿನದ ಕ್ರಮ

ಇಷ್ಟನ್ನೂ ಸೇರಿಸಿ, ಮನೆಯಲ್ಲೇ ಬೆಳೆದ ಮರಿಗಳನ್ನು ಸಾಗಿಸುವ ಕ್ರಮ ಹೀಗಿರಲಿ.

1. ತೊಟ್ಟಿ ಮೊದಲೇ ಪಳಗಿರಬೇಕು. ಈಗಾಗಲೇ ಇರುವ ಮೀನುಗಳಲ್ಲಿ ಕಾಯಿಲೆ, ಸಾವು ಇದ್ದರೆ ಕೆಲಸ ಮುಂದೂಡಿ.

2. ಸಾಗಿಸುವ ಹತ್ತು ಹದಿನೈದು ದಿನ ಮೊದಲಿನಿಂದ, ಮರಿಗಳ ಟಬ್ಬಿನ ನೀರು ಬದಲಿಸುವಾಗ ಹೊಸ ನೀರಿನ ಬದಲು ದೊಡ್ಡ ತೊಟ್ಟಿಯ ನೀರನ್ನೇ ಹಾಕಿ. ಎರಡು ದಿನಕ್ಕೊಮ್ಮೆ ಐದನೇ ಒಂದು ಭಾಗದಷ್ಟು ಸಾಕು. ಹೀಗೆ ಮಾಡಿದರೆ ಮರಿ ತೊಟ್ಟಿಗೆ ಹೋಗುವ ಮೊದಲೇ ತೊಟ್ಟಿಯ ನೀರು ಮರಿಯ ಬಳಿಗೆ ಬಂದಿರುತ್ತದೆ.

3. ಬಿಡುವ ದಿನ ಬಿಸಿ ಸಮ ಮಾಡಿ. ನಂತರ ಮರಿಗಳನ್ನು ನೇರವಾಗಿ ಬಿಡದೆ, ತೊಟ್ಟಿಯೊಳಗೇ ನೇತುಹಾಕುವ ಬಲೆ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಡಿ. ದೊಡ್ಡ ಮೀನುಗಳಿಗೆ ಮರಿಗಳು ಅಭ್ಯಾಸವಾಗುತ್ತವೆ, ತೊಂದರೆ ಕಂಡರೆ ಮರಿಗಳನ್ನು ವಾಪಸು ತೆಗೆಯುವುದೂ ಸುಲಭ.

4. ಚಿಪ್ಪು, ಗಿಡಗಳನ್ನು ಮೊದಲೇ ಜೋಡಿಸಿ. ದೊಡ್ಡ ಮೀನುಗಳಿಗೆ ಊಟ ಹಾಕಿ, ಲೈಟು ಆರಿಸಿ, ಆಮೇಲೆ ಮರಿಗಳನ್ನು ಗುಂಪಾಗಿ ಬಿಡಿ.

5. ಮುಂದಿನ ಹದಿನೈದು ದಿನ ದಿನಾ ಬೆಳಗ್ಗೆ ಎಣಿಸಿ. ಬಾಲ ಹರಿದಿದ್ದರೆ ಯಾರು ಕಚ್ಚುತ್ತಿದ್ದಾರೆ ನೋಡಿ, ಕಚ್ಚುವ ಮೀನನ್ನೋ ಮರಿಯನ್ನೋ ಬೇರೆ ಮಾಡಿ. ಊಟ ಕಡಿಮೆ ಹಾಕಿ. ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿ. ಪೂರ್ತಿ ನೀರು ಚೆಲ್ಲಿ, ಕಲ್ಲೆಲ್ಲ ತೊಳೆದು ‘ಕ್ಲೀನ್’ ಮಾಡಬೇಡಿ; ಹಾಗೆ ಮಾಡಿದರೆ ಹೆಪ್ಪನ್ನೇ ಚೆಲ್ಲಿದಂತೆ.

ಹೆಚ್ಚಾದ ಮರಿಗಳನ್ನು ಕೆರೆಗೆ ಬಿಡಬಹುದೇ?

ಬೇಡ. ಪಾಪ ಬದುಕಿಕೊಳ್ಳಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಜನ ಇದನ್ನು ಮಾಡುತ್ತಾರೆ. ಆದರೆ ಹೊರದೇಶದ ಮೀನು ಕೆರೆಯಲ್ಲಿ ನೆಲೆಯೂರಿದರೆ ನಮ್ಮ ಸಣ್ಣ ಮೀನುಗಳ ಮೊಟ್ಟೆ, ಮರಿ, ಆಹಾರಕ್ಕೆ ಸಂಚಕಾರ. ತಿಪಟೂರು, ತುರುವೇಕೆರೆ ಕಡೆ ಹೇಮಾವತಿ ನಾಲೆಯಿಂದ ತುಂಬುವ ಕೆರೆಗಳಿವೆ. ಒಂದು ಕೆರೆ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು ಹರಿಯುತ್ತದೆ, ಮೀನೂ ಹೋಗುತ್ತದೆ. ಹೆಚ್ಚಾದ ಗಪ್ಪಿಗಳನ್ನು ಸಾಕುವವರಿಗೆ ಕೊಡಿ, ಅಂಗಡಿಯವರನ್ನು ಕೇಳಿ, ಅಥವಾ ಗಂಡು ಹೆಣ್ಣನ್ನು ಬೇರೆ ಬೇರೆ ಇಟ್ಟು ಮರಿಯ ಸಂಖ್ಯೆಯನ್ನೇ ತಡೆಯಿರಿ. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ಗಂಡಿಲ್ಲದೆಯೂ ಕೆಲವು ತಿಂಗಳು ಮರಿ ಹಾಕಬಲ್ಲದು ಎಂಬುದು ತಿಳಿದಿರಲಿ. ಮನೆಯ ಸಿಮೆಂಟ್ ತೊಟ್ಟಿಯಲ್ಲೋ ದನ ಕುಡಿಯುವ ಬಾನಿಯಲ್ಲೋ ಸೊಳ್ಳೆ ಮರಿ ಇದ್ದರೆ, ಹೊರಗೆ ಹರಿದುಹೋಗದ ಅಂಥ ಜಾಗಕ್ಕೆ ಬಿಡುವ ಬಗ್ಗೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕರನ್ನೋ ಕೇಳಿ.

ಮತ್ತೆ ಕಂಟಕದ ಮಾತಿಗೆ

ಅಜ್ಜಿ ಹೇಳಿದ್ದು ಮೊಮ್ಮಗನ ಅಳು ನಿಲ್ಲಿಸಲು. ಅದರಲ್ಲಿ ಪ್ರೀತಿ ಇತ್ತು, ತಪ್ಪೇನಿಲ್ಲ. ಅದೇ ಮಾತು ಮೊಬೈಲಿನಲ್ಲಿ ಸಾವಿರ ಮಂದಿಗೆ ಹೋದಾಗ ಮಾತ್ರ ಅದು ಸಮಾಧಾನವಾಗಿ ಉಳಿಯುವುದಿಲ್ಲ, ಕಾರಣವಾಗಿಬಿಡುತ್ತದೆ. ಮೀನು ಸಾಯುವುದು ಶುಭ ಎಂದ ಮೇಲೆ ಅದನ್ನು ಉಳಿಸಿಕೊಳ್ಳುವ ಗೋಜಿಗೆ ಯಾರು ಹೋಗುತ್ತಾರೆ?

ಹುಡುಗನ ಪ್ರಶ್ನೆಗೆ ಉತ್ತರ: ಇಪ್ಪತ್ತೆರಡು ಕಂಟಕ ಇರಲಿಲ್ಲ, ಮೂರು ತಪ್ಪು ಇದ್ದವು. ಪಳಗದ ತೊಟ್ಟಿ, ಬೇರೆ ಥರದ ನೀರು, ದೊಡ್ಡ ಬಾಯಿಯ ಜೊತೆಗಾರರು. ಉಳಿದ ಎಂಟನ್ನು ಅವನು ಅವತ್ತೇ ಟಬ್ಬಿಗೆ ವಾಪಸು ಹಾಕಲು ಹೊರಟ. ಆರ್‌ಒ ನೀರಿಗೆ ಹೋಗಿದ್ದವು ಮತ್ತೆ ಬೋರ್ ನೀರಿಗೆ ಹೋಗಬೇಕಲ್ಲ, ಈ ಸಲ ಲೋಟ ಲೋಟವಾಗಿ ನೀರು ಬೆರೆಸುತ್ತಾ ಒಂದು ಗಂಟೆ ಕೂತಿದ್ದ. ಅಜ್ಜಿ ಪಕ್ಕದಲ್ಲೇ ಕೂತು ಲೋಟ ಎಣಿಸಿಕೊಟ್ಟರು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

• ಕವರ್ ತೇಲಿಸುವುದರಿಂದ ಬಿಸಿ ಮಾತ್ರ ಸಮವಾಗುತ್ತದೆ, ನೀರಿನ ಗುಣ ಅಲ್ಲ.
• ಹೊಸ ತೊಟ್ಟಿಗೆ ಅದೇ ದಿನ ಮೀನು ಬೇಡ. 4ರಿಂದ 6 ವಾರ ಅಥವಾ ಹಳೆಯ ಸ್ಪಂಜು ಬೇಕು.
• ಗಪ್ಪಿ, ಮೋಲಿಗಳಿಗೆ ಬರೀ ಆರ್‌ಒ ನೀರು ತುಂಬಬೇಡಿ.
• ದೊಡ್ಡ ಮೀನಿನ ಬಾಯಿಗೆ ಹಿಡಿಸುವ ಮರಿಯನ್ನು ಬಿಡಬೇಡಿ.
• ಅಂಗಡಿಯ ಮೀನು ಎರಡರಿಂದ ನಾಲ್ಕು ವಾರ ಬೇರೆ ಇರಲಿ.
• ಅಕ್ವೇರಿಯಂ ಮೀನನ್ನು ಕೆರೆಗೆ ಬಿಡಬೇಡಿ.
• ಮೀನು ಸತ್ತರೆ ಕಂಟಕ ಕಳೆಯುವುದಿಲ್ಲ. ಏಕೆ ಸತ್ತಿತು ಎಂದು ನೋಡಿ, ಮುಂದಿನದು ಉಳಿಯುತ್ತದೆ.